ಹಳೆಯ ಹಂಡೆ

ಹೊಸ ವಸ್ತುವನ್ನು ಕೊಳ್ಳುವವನು ಅದರ ಬೆಲೆಯನ್ನು ತಿಳಿದರೆ ಬಹುಮಟ್ಟಿಗೆ ಸಾಕು; ಹಳೆಯದನ್ನು ಕೊಳ್ಳುವವನು ಅದರ ಚರಿತ್ರೆಯನ್ನೂ ತಿಳಿಯಬೇಕು. ಆ ಚರಿತ್ರೆಯನ್ನು ಬಲ್ಲವನು ಮಾರುವವನೊಬ್ಬನೇ. ಕೇಳದೆ ಇದ್ದರೂ ಅದನ್ನು ಹೇಳಲು ಅವನು ಬದ್ಧನೆ, ಅಲ್ಲವೆ? ಈ ಪ್ರಶ್ನೆಯನ್ನು ಒಂದು ತಾಮ್ರದ ಹಂಡೆ ನನ್ನ ಮುಂದೆ ಎರಡು ಸಲ ಇಟ್ಟಿತು: ಮೊದಲು ನಾನು ಕೊಳ್ಳುವವನಾಗಿದ್ದಾಗ, ಅನಂತರ ಮಾರುವವನಾಗಿದ್ದಾಗ. ಎರಡು ಸಲವೂ ನಾನು ಒಂದೇ ಉತ್ತರವನ್ನು ಕೊಡಲಿಲ್ಲ. ಅದನ್ನು ಒಪ್ಪಿಕೊಂಡು ವಿಚಾರಮಾಡುವುದೇ ಈ ಬರೆಹದ ಉದ್ದೇಶ.

ಸುಮಾರು 40 ವರ್ಷಗಳ ಹಿಂದೆ ನಾವು ಹೊಸ ಮನೆಗೆ ಬಂದಾಗ ಬಚ್ಚಲುಮನೆಯ ಒಲೆಯ ಮೇಲೆ ಹೂಳಲು ದೊಡ್ಡ ಹಂಡೆಯೊಂದು ಬೇಕಾಯಿತು. ನನ್ನ ತಾಯಿಗೆ ಕೀಲುನೋವು. ದಿನಕ್ಕೊಮ್ಮೆ ಬಿಸಿನೀರು ಧಾರಾಳವಾಗಿ ಬಿದ್ದರೆ ಮಾತ್ರ ಕೈಕಾಲು ಆಡುತ್ತಿದ್ದುವು. ಹೊಸ ಹಂಡೆಯನ್ನು ಕೊಳ್ಳುವ ಶಕ್ತಿ ನನಗಿರಲಿಲ್ಲ. ಪೇಟೆಯ ಪಾತ್ರೆಯಂಗಡಿಯೊಂದರಲ್ಲಿ ಹಳೆಯ ಹಂಡೆಯೊಂದು ಸಿಕ್ಕಿತು. ವರ್ತಕನು ಅದನ್ನು ತಕ್ಕಡಿಗೆ ಹಾಕಿ, ಹಳೆಯ ತಾಮ್ರದ ದರದಂತೆ ಲೆಕ್ಕಮಾಡಿ ಹಣ ಎಣಿಸಿಕೊಂಡನು. ಹಂಡೆಯ ಅಡಿಯೆಲ್ಲ ಮಸಿ. ಕಂಠದ ಮೇಲೆ ಮಾತ್ರ ಒಬ್ಬ ಹೆಂಗಸಿನ ಹೆಸರೂ ಒಂದು ಊರಿನ ಹೆಸರೂ ಚುಕ್ಕೆಚುಕ್ಕೆಯಾಗಿ ಕೆತ್ತಿದ್ದುವು. ಮದುವೆಯಲ್ಲಿ ತವರಿನವರು ಕೊಟ್ಟದ್ದಿರಬೇಕು. ಅದು ಪೇಟೆಗೆ ಬಂದುದೇಕೆ ಎಂದು ನಾನು ಕೇಳಲಿಲ್ಲ. ಅಗ್ಗವಾಗಿ ಸಿಕ್ಕಿತೆಂಬ ಸಂತೋಷದಲ್ಲಿ ಅಂಥ ಪ್ರಶ್ನೆಗೆ ಸ್ಥಳವಿರಲಿಲ್ಲ.

ಮೂರು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು. ಒಂದು ಬೆಳಗ್ಗೆ ನಾನೇ ಅವಸರದಲ್ಲಿ ಮೊದಲು ಒಲೆಯನ್ನು ಹೊತ್ತಿಸಿ, ಆಮೇಲೆ ಬಾವಿಯಿಂದ ನೀರು ಸೇದಿತಂದು ಸುರಿದೆನು. ನಾಲ್ಕನೆಯ ಕೊಡ ಬೀಳುವಷ್ಟರಲ್ಲಿ ಹಂಡೆಯ ಅಡಿ ಬಾಯಿಬಿಟ್ಟು ನೀರೆಲ್ಲ ಕೆಂಡದ ಮೇಲೆ ಸುರಿಯಿತು. ಆವಿಯೂ ಬಿಸಿಬೂದಿಯೂ ಒಲೆಯ ಬಾಯಿಂದ ಹೊರಕ್ಕೆ ನುಗ್ಗಿದುವು. ಒಲೆಯ ಪಕ್ಕದಲ್ಲಿ ಮಣೆಯ ಮೇಲೆ ಕುಳಿತಿದ್ದ ತಾಯಿಯ ಪಾದ ಬೆಂದಿತು. ಮೊದಲೇ ನಡೆಯಲಾರದವಳು ಒಂದು ತಿಂಗಳು ಹಾಸಿಗೆ ಹಿಡಿದಳು.

ಕಂಚುಗಾರನು ಬಂದು ಮಸಿಯನ್ನು ಕೆರೆದು ನೋಡಿದಾಗ ಗುಟ್ಟು ತಿಳಿಯಿತು. ಯಾವ ಕಾಲದಲ್ಲಿಯೋ ತೂತಾದ ಅಡಿಗೆ ತಾಮ್ರದ ತೇಪೆಯನ್ನಿಟ್ಟು, ತವರ ಸೀಸಗಳ ಬೆಸುಗೆ ಹಾಕಿದ್ದರು. ಆ ಬೆಸುಗೆ ಸುಮಾರು 183 ಡಿಗ್ರಿ ಶಾಖದಲ್ಲಿ ಕರಗತೊಡಗುತ್ತದೆ. ಹಂಡೆಯಲ್ಲಿ ನೀರಿರುವವರೆಗೆ ಭಯವಿಲ್ಲ. ನೀರು 100 ಡಿಗ್ರಿಗಿಂತ ಮೇಲಕ್ಕೆ ಕಾಯದು, ಅದನ್ನು ಮುಟ್ಟಿಕೊಂಡಿರುವ ತಗಡನ್ನೂ ಕಾಯಗೊಡದು. ಬರಿಯ ಹಂಡೆಗೆ ಉರಿ ತಗುಲಿದರೆ ಬೆಸುಗೆ ಬೆಣ್ಣೆಯಾಗುತ್ತದೆ. “ನೀರು ತುಂಬದೆ ಬೆಂಕಿ ಹಾಕಬೇಡಿ ಎಂದು ಕೊಟ್ಟವರು ಹೇಳಲಿಲ್ಲವೇ, ಬುದ್ಧಿ?” ಎಂದು ಅವನು ಕೇಳಿದನು. ನಾನು ಕೋಪದಿಂದ ಅಂಗಡಿಗೆ ಹೋದೆನು. ವರ್ತಕನು ಕೂಗಾಡಲಿಲ್ಲ. “ಸ್ವಾಮಿ, ನಾನು ತಾಮ್ರವನ್ನು ಮಾರಿದೆ, ಹಂಡೆಯನ್ನು ಮಾರಲಿಲ್ಲ. ತೂಕದಲ್ಲಿ ಏನಾದರೂ ಕಡಮೆಯಿತ್ತೇ?” ಎಂದನು. ಆ ದಿನ ನನಗೆ ಅವನಷ್ಟು ದೊಡ್ಡ ಪಾಪಿ ಲೋಕದಲ್ಲಿಲ್ಲವೆಂದು ತೋರಿತು.

ಆದರೆ ಅವನ ವಾದವನ್ನು ಸುಮ್ಮನೆ ತಳ್ಳಿಬಿಡುವಂತಿಲ್ಲ. ಕ್ರಿ.ಪೂ. 44ರಲ್ಲಿ ರೋಮಿನ ಸಿಸಿರೋ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಈ ವಿಷಯವಾಗಿ ಇಬ್ಬರು ಸ್ಟೋಯಿಕ್ ಪಂಡಿತರ ವಾದವನ್ನು ಕೊಟ್ಟಿದ್ದಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವರ್ತಕನು ಹಡಗಿನಲ್ಲಿ ಧಾನ್ಯವನ್ನು ತರುತ್ತಾನೆ. ಹಿಂದೆ ಇನ್ನೂ ಹಲವು ಧಾನ್ಯದ ಹಡಗುಗಳು ಬರುತ್ತಿವೆಯೆಂಬುದು ಅವನಿಗೆ ಗೊತ್ತು, ಊರಿನವರಿಗೆ ಗೊತ್ತಿಲ್ಲ. ಅವನು ಹೇಳಬೇಕೆ? ಗುರುವಾದ ಡಯೋಜೆನೀಸನು, ಕಾನೂನು ಕೇಳಿದಷ್ಟನ್ನು ಹೇಳಿ ಸುಳ್ಳಾಡದಿದ್ದರೆ ಸಾಕು ಎನ್ನುತ್ತಾನೆ; ಶಿಷ್ಯನಾದ ಆಂಟಿಪೇಟರನು, ಮನುಷ್ಯನು ಮನುಷ್ಯರ ಹಿತಕ್ಕಾಗಿ ಹುಟ್ಟಿದವನಾದ್ದರಿಂದ ಎಲ್ಲವನ್ನೂ ಹೇಳಲೇಬೇಕು ಎನ್ನುತ್ತಾನೆ. ಅನಂತರ ಮತ್ತೊಂದು ಉದಾಹರಣೆ: ಮರ ಲಡ್ಡಾಗಿ, ಕೋಣೆಗಳಲ್ಲಿ ಹಾವು ಸೇರಿಕೊಂಡ ಮನೆಯನ್ನು, ಆ ದೋಷಗಳನ್ನು ತಾನೊಬ್ಬನೇ ಬಲ್ಲ ಒಡೆಯನು ಮಾರುತ್ತಾನೆ. ಸಿಸಿರೋ ಎರಡು ಸಂದರ್ಭಗಳಲ್ಲಿಯೂ ಮುಚ್ಚಿಡುವುದು ತಪ್ಪೆಂದೇ ತೀರ್ಪು ಕೊಡುತ್ತಾನೆ.

ಅವೆರಡೂ ಒಂದೇ ಬಗೆಯವೆಂದು ನನಗೆ ತೋರುವುದಿಲ್ಲ. ಧಾನ್ಯದ ವರ್ತಕನಿಗೆ ತಿಳಿದಿದ್ದುದು ಪೇಟೆಯ ಸುದ್ದಿ. ಅವನ ಧಾನ್ಯದಲ್ಲಿ ದೋಷವಿರಲಿಲ್ಲ. ಅದನ್ನು ಹೇಳುವುದು ಔದಾರ್ಯವೆ, ಋಣವೆ ಎಂದು ಪ್ರಾಜ್ಞರು ಚರ್ಚಿಸಬಹುದು. ಮನೆಯ ಹಾವು ಆ ಮನೆಯದೇ. ಹಂಡೆಯ ತೇಪೆ ಆ ಹಂಡೆಯದೇ. ದೋಷದ ತಿಳಿವಳಿಕೆಯೂ ವಸ್ತುವಿನ ಒಂದು ಭಾಗ. ಅದನ್ನು ತನ್ನಲ್ಲಿಯೇ ಉಳಿಸಿಕೊಂಡು ಉಳಿದುದನ್ನು ಮಾರುವವನು ಪೂರ್ಣವಾದ ಬೆಲೆಯನ್ನು ಪಡೆದು ಅಪೂರ್ಣವಾದ ವಸ್ತುವನ್ನು ಕೊಟ್ಟಂತಾಯಿತು. ವರ್ತಕನ ತಕ್ಕಡಿ ತಾಮ್ರವನ್ನು ಸರಿಯಾಗಿಯೇ ತೂಗಿತು. ‘ನೀರು ತುಂಬದೆ ಬೆಂಕಿ ಹಾಕಬೇಡಿ’ ಎಂಬ ಮಾತಿಗೆ ತೂಕವಿಲ್ಲ. ಆದರೆ ಹಂಡೆಯನ್ನು ಹಂಡೆಯಾಗಿ ಉಳಿಸುತ್ತಿದ್ದುದು ಅದೇ.

ಕೊಳ್ಳುವವನು ಪರೀಕ್ಷಿಸಿಕೊಳ್ಳಬಾರದೇ ಎಂದು ಕೇಳಬಹುದು. ನಮ್ಮ ಧರ್ಮಶಾಸ್ತ್ರಕಾರರು ಇದನ್ನು ಮರೆತವರಲ್ಲ. ಯಾಜ್ಞವಲ್ಕ್ಯಸ್ಮೃತಿಯು ಕೊಂಡುದನ್ನು ಪರೀಕ್ಷಿಸಲು ಅವಧಿಗಳನ್ನು ಗೊತ್ತುಮಾಡಿದೆ: ಬೀಜಕ್ಕೆ 10 ದಿನ, ಹೊರೆಯ ಪಶುವಿಗೆ 5, ರತ್ನಕ್ಕೆ 7, ಕರೆಯುವ ಹಸುವಿಗೆ 3, ಕಬ್ಬಿಣಕ್ಕೆ 1. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಈ ಸ್ಮೃತಿಯ ಮೇಲೆಯೇ. ಆದರೆ ಅದೇ ಸ್ಮೃತಿ ಇನ್ನೊಂದೆಡೆ, ದುಷ್ಟವಾದ ವಸ್ತುವನ್ನು ಅದುಷ್ಟವೆಂಬಂತೆ ಮಾರಿದವನಿಗೆ ಬೆಲೆಯ ಎರಡರಷ್ಟು ದಂಡವನ್ನು ವಿಧಿಸುತ್ತದೆ. ಕೊಳ್ಳುವವನ ಕಣ್ಣಿಗೆ ಬೀಳಬಹುದಾದ ದೋಷಕ್ಕೆ ಪರೀಕ್ಷೆ. ಬೀಳಲಾರದ ದೋಷಕ್ಕೆ ಮಾರುವವನ ಬಾಯಿ. ಒಂದು ಇನ್ನೊಂದಕ್ಕೆ ಬದಲಾಗದು. ಇಷ್ಟೇ ಅಲ್ಲ, ತೀರ ಕಡಮೆ ಬೆಲೆಗೆ, ಗುಟ್ಟಾಗಿ, ಅವೇಳೆಯಲ್ಲಿ ಕೊಂಡವನನ್ನೂ ಆ ಸ್ಮೃತಿ ಕಳ್ಳನಂತೆಯೇ ಎಣಿಸುತ್ತದೆ. ಅಗ್ಗದ ಸಂತೋಷದಲ್ಲಿ ಏನನ್ನೂ ಕೇಳದೆ ಬಂದ ನನಗೂ ಅದರಲ್ಲೊಂದು ಎಚ್ಚರಿಕೆಯಿದೆ.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗನು ಹೋದ ಸಲ ಬಂದಾಗ ಇಂಥದೇ ಕಥೆಯೊಂದನ್ನು ಹೇಳಿದನು. ಅಲ್ಲಿ ಅಂಗಳದಲ್ಲಿ ಬಿಸಿನೀರಿನ ದೊಡ್ಡ ತೊಟ್ಟಿಯನ್ನಿಟ್ಟುಕೊಂಡು ನಾಲ್ಕಾರು ಮಂದಿ ಕುಳಿತು ಮೈ ನೆನೆಸುವ ರೂಢಿಯಿದೆ. ಇಟಲಿಯಿಂದ ವಲಸೆ ಬಂದ ಜಕೂಜಿ ಮನೆತನದವರು ಕೀಲುಬೇನೆಯ ಮಗುವೊಂದಕ್ಕಾಗಿ ಮಾಡಿದ ನೀರು ಚಿಮ್ಮಿಸುವ ಯಂತ್ರ 1956ರಲ್ಲಿ ಮಾರಾಟಕ್ಕೆ ಬಂದಿತಂತೆ. ನನ್ನ ತಾಯಿಯ ನೋವಿನಂಥದೇ ನೋವು ಅದರ ಮೂಲ. ಅವನು ಒಬ್ಬರು ಬಳಸಿದ ತೊಟ್ಟಿಯನ್ನು ಅಲ್ಪ ಬೆಲೆಗೆ ಕೊಂಡನು. ತುಂಬಿದರೆ ಸಾವಿರದೈನೂರು ಲೀಟರು, ಅಂದರೆ ಒಂದೂವರೆ ಟನ್ನು ನೀರು. ಒಣಗಿರುವಾಗ ತೊಟ್ಟಿ ಹೊಸದರಂತೆಯೇ ಹೊಳೆಯುತ್ತದೆ. ಕೊಳವೆಯ ಬಿರುಕು, ಕಾಯಿಸುವ ಯಂತ್ರದ ಕೇಡು, ನೀರು ತುಂಬಿ ಕಾಯಿಸಿದಾಗಲೇ ತಿಳಿಯುವುದು. ಅವನಿಗೆ ಮಾರಿದ ಮುದುಕನು ಹಿಂದಿನ ದಿನವೇ ನೀರು ತುಂಬಿ ಕಾಯಿಸಿಟ್ಟು, ಸೋರುವ ಒಂದು ಸಂದಿಯನ್ನು ತಾನೇ ಬೆರಳಿಟ್ಟು ತೋರಿಸಿದನಂತೆ. ನಾನು ಆ ಮುದುಕನನ್ನು ಮನಸಾರ ಹೊಗಳಿದೆನು. ಹೊಗಳುವುದು ಸುಲಭ.

ಎರಡು ವರ್ಷಗಳ ಕೆಳಗೆ ನಮ್ಮ ಮಾಳಿಗೆಯ ಮೇಲೆ ಸೂರ್ಯಶಾಖದ ನೀರಿನ ಯಂತ್ರ ಬಂದಿತು. ತಾಯಿ ತೀರಿಕೊಂಡು ಬಹುಕಾಲವಾಗಿತ್ತು. ಹಂಡೆಯನ್ನು ಕೇಳಿಕೊಂಡು ನೆರೆಯೂರಿನ ಗೃಹಸ್ಥನೊಬ್ಬನು ಬಂದನು. ಮಗಳು ಹೆರಿಗೆಗೆ ಬಂದಿದ್ದಾಳೆ, ಬಾಣಂತಿಗೆ ನೀರು ಹಾಕಲು ದೊಡ್ಡ ಹಂಡೆ ಬೇಕು ಎಂದನು. ಅವನು ಹಂಡೆಯನ್ನು ಬಡಿದು ನೋಡಿದನು, ಕಂಠದ ಹೆಸರನ್ನು ಓದಿದನು, ಬೆಲೆ ಕೇಳಿದನು. ನಾನು ಬೆಲೆಯನ್ನು ಹೇಳಿದೆನು, ತೇಪೆಯನ್ನು ಹೇಳಲಿಲ್ಲ. ಕಂಚುಗಾರನು ಮತ್ತೆ ಕೂರಿಸಿದ ತೇಪೆ ಮೂವತ್ತು ವರ್ಷಕ್ಕೂ ಮೇಲೆ ತೊಟ್ಟಿಕ್ಕದೆ ನಿಂತಿದೆ, ಹೇಳಿ ಹೆದರಿಸುವುದೇಕೆ ಎಂದು ಮನಸ್ಸು ಸಮಾಧಾನ ಹೇಳಿತು. ಅವನು ಕೇಳಲೂ ಇಲ್ಲ. ಹಣವನ್ನು ಎಣಿಸುತ್ತಿರುವಾಗ ನನ್ನ ಹೆಂಡತಿ ಒಳಗಿನಿಂದ ಬಂದು, “ಅಡಿಯಲ್ಲಿ ತೇಪೆಯಿದೆ, ಅಪ್ಪ. ನೀರು ತುಂಬದೆ ಬೆಂಕಿ ಹಾಕಬೇಡಿ. ನಮ್ಮತ್ತೆಯವರ ಕಾಲು ಬೆಂದಿತ್ತು” ಎಂದಳು.

ಆ ಕ್ಷಣದಲ್ಲಿ ನನಗೆ ಪೇಟೆಯ ವರ್ತಕನ ಮುಖ ನೆನಪಾಯಿತು. ಅವನು ನನಗಿಂತ ಒಂದು ವಿಷಯದಲ್ಲಿ ಮೇಲಾಗಿದ್ದನು: ಆ ತೇಪೆಯಿಂದ ಯಾರ ಕಾಲು ಬೇಯುವುದೆಂದು ಅವನು ಕಂಡಿರಲಿಲ್ಲ, ನಾನು ಕಂಡಿದ್ದೆನು.

1872ರ ನಮ್ಮ ಕರಾರು ಕಾನೂನಿನ 17ನೆಯ ಕಲಮಿನಲ್ಲಿ, ಬರಿಯ ಮೌನವು ಸಾಧಾರಣವಾಗಿ ವಂಚನೆಯಲ್ಲವೆಂದು ಹೇಳಿದೆ. ಅದಕ್ಕೆ ಕೊಟ್ಟಿರುವ ದೃಷ್ಟಾಂತ ಇದು: ಒಬ್ಬನು ದೋಷವುಳ್ಳ ಕುದುರೆಯನ್ನು ತಿಳಿದೂ ಏನೂ ಹೇಳದೆ ಹರಾಜಿನಲ್ಲಿ ಮಾರಿದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ವಯಸ್ಸಿಗೆ ಬಂದ ಅವನ ಮಗಳೇ ಆಗಿದ್ದರೆ, ಆ ಸಂಬಂಧದಿಂದಲೇ ಹೇಳುವ ಹೊಣೆ ಅವನ ಮೇಲೆ ಬೀಳುತ್ತದೆ. ಈ ದೃಷ್ಟಾಂತವನ್ನು ನಾನು ಹಿಂದೆ ಹಲವು ಸಲ ಓದಿದ್ದೆನು. ಅದರ ಅರ್ಥ ಆ ದಿನ ಆಯಿತು. ಮಗಳಿಗೆ ಹೇಳಬೇಕಾದುದು ಯಾವುದೆಂಬುದು ಪ್ರತಿಯೊಬ್ಬ ಮಾರುವವನಿಗೂ ಚೆನ್ನಾಗಿ ಗೊತ್ತು. ಕಾನೂನು ತನ್ನ ಮಗಳಲ್ಲಿಗೆ ನಿಲ್ಲಿಸುತ್ತದೆ. ನ್ಯಾಯಾಸ್ಥಾನವು ಎಲ್ಲಿಯಾದರೂ ನಿಲ್ಲಲೇಬೇಕು. ಧರ್ಮಕ್ಕೆ ಹಾಗೆ ನಿಲ್ಲಲು ಕಾರಣವಿಲ್ಲ. ಆ ಹಂಡೆಯ ನೀರು ಬೀಳಬೇಕಾಗಿದ್ದುದು ಒಬ್ಬರ ಮಗಳ ಮೈಮೇಲೆಯೇ ಅಲ್ಲವೆ?

ಗೃಹಸ್ಥನು ಬೇಸರಪಡಲಿಲ್ಲ. “ಹೇಳಿದ್ದು ಒಳ್ಳೆಯದಾಯಿತು, ತಾಯಿ” ಎಂದು ಹಂಡೆಯನ್ನು ಬೋರಲುಹಾಕಿ ತೇಪೆಯನ್ನು ಬೆರಳಿನಿಂದ ತಡವಿದನು. ನಾನು ಬೆಲೆಯನ್ನು ಸ್ವಲ್ಪ ಇಳಿಸಿದೆನು. ಅವನು ಹಂಡೆಯನ್ನು ಗಾಡಿಗೆ ಏರಿಸುವಾಗ, ಕಂಠದ ಹೆಸರನ್ನು ತಟ್ಟಿಸಿ ಅಳಿಸಬಹುದೇ ಎಂದು ಕೇಳಿದನು. ಇಷ್ಟು ವರ್ಷ ನಾವು ಅಳಿಸಲಿಲ್ಲ, ನಿಮ್ಮ ಇಷ್ಟ ಎಂದೆನು. ಅವನು ಸ್ವಲ್ಪ ಯೋಚಿಸಿ, “ಇರಲಿ ಬಿಡಿ, ಮೊದಲು ಅವರದೇ ತಾನೆ” ಎಂದನು.