ಡಬ್ಬಿ ಹೊರಟಿದ್ದು ಯಾವ ಮನೆಗೆ?

ಮಾಡದಕೆರೆ ಹೋಬಳಿಯ ಡಿಸೆಂಬರ್ ಅಂದರೆ ರಾಗಿ ಕಣ, ಸೊಗಡವರೆ, ಅಟ್ಟದ ಮೇಲೆ ಒಣಗುವ ಕೊಬ್ಬರಿ. ಕ್ರಿಸ್‌ಮಸ್ ಇಲ್ಲಿ ಹೆಚ್ಚಿನವರಿಗೆ ಕ್ಯಾಲೆಂಡರಿನ ಒಂದು ಕೆಂಪು ಅಂಕಿ, ಶಾಲೆಗೊಂದು ರಜೆ. ಹೊಸದುರ್ಗಕ್ಕೆ ಹೋದವರು ಬೇಕರಿ ಗಾಜಿಗೆ ಅಂಟಿಸಿದ ನಕ್ಷತ್ರ ನೋಡಿ ‘ಓ, ಬಂದೇಬಿಡ್ತಲ್ಲ’ ಅಂತಾರೆ, ಅಷ್ಟೇ. ಆದರೂ ತಾಲ್ಲೂಕಿನ ಒಂದಿಷ್ಟು ಮನೆಗಳಿಗೆ ಹಬ್ಬದ ಹಿಂದುಮುಂದಿನಲ್ಲಿ ಒಂದು ಡಬ್ಬಿ ಬರುತ್ತದೆ. ತರುವವರು ಆಸ್ಪತ್ರೆಯ ನರ್ಸಮ್ಮ ಇರಬಹುದು, ಕಾನ್ವೆಂಟಿನ ಟೀಚರ್ ಇರಬಹುದು, ಬ್ಯಾಂಕಿಗೆ ವರ್ಗವಾಗಿ ಬಂದ ಕರಾವಳಿಯವರಿರಬಹುದು. ನಮ್ಮ ಚಿತ್ರದುರ್ಗ ಜಿಲ್ಲೆ ಕ್ಯಾಥೊಲಿಕ್ ಕ್ರೈಸ್ತರ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ್ದು. 1988ರಲ್ಲಿ ಆದ ಈ ಧರ್ಮಪ್ರಾಂತ್ಯಕ್ಕೆ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆ ಸೇರುತ್ತವೆ. ಹರವು ದೊಡ್ಡದು, ಕ್ರೈಸ್ತರು ಅಲ್ಲೊಬ್ಬರು ಇಲ್ಲೊಬ್ಬರು. ಹಾಗಾಗಿ ಅವರ ಹಬ್ಬದ ಡಬ್ಬಿ ತಮ್ಮವರ ಮನೆಗಿಂತ ಪಕ್ಕದ ಮನೆಗೇ ಹೆಚ್ಚು ಹೋಗುತ್ತದೆ.

ಮಂಗಳೂರು, ಉಡುಪಿ ಕಡೆಯ ಕ್ರೈಸ್ತರು ಈ ಡಬ್ಬಿಯ ತಿಂಡಿಗಳಿಗೆ ಒಟ್ಟಾಗಿ ಕುಸ್ವಾರ್ ಅನ್ನುತ್ತಾರೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಶುರುವಾಯಿತು ಅಂದರೆ ಮಕ್ಕಳಿಗೆ ಗೋದಲಿ ಕಟ್ಟುವ ಚಿಂತೆ, ದೊಡ್ಡವರಿಗೆ ಕುಸ್ವಾರಿನ ಚಿಂತೆ. ನೆವ್ರಿ, ಕಿಡ್ಯೊ, ಗುಳಿಯೊ, ಪಾತೇಕಾ, ಎಳ್ಳುಂಡೆ, ಚಕ್ಕುಲಿ, ಅಚ್ಚಿಗೆ ಅಂಟಿಸಿ ಕರಿಯುವ ಗುಲಾಬಿ ಹೂವು, ಕೊನೆಗೆ ಪ್ಲಮ್ ಕೇಕು. ಮನೆಯಿಂದ ಮನೆಗೆ ಒಂದೆರಡು ಹೆಚ್ಚುಕಡಿಮೆ.

ಇದರಲ್ಲಿ ನೋಡುವಂಥದ್ದು ಕಿಡ್ಯೊ ಮಾಡುವ ಸಂಜೆ. ಮೈದಾಹಿಟ್ಟಿಗೆ ತೆಂಗಿನಹಾಲು, ಚೂರು ತುಪ್ಪ ಹಾಕಿ ನಾದಿ ಇಟ್ಟಿರುತ್ತಾರೆ. ಊಟ ಮುಗಿದ ಮೇಲೆ ಮನೆಮಂದಿಯೆಲ್ಲ ಮೇಜಿನ ಸುತ್ತ ಕೂರಬೇಕು. ಕಡಲೆಬೀಜದಷ್ಟು ಹಿಟ್ಟು ತಗೊಂಡು, ಇದಕ್ಕೆಂದೇ ತೊಳೆದಿಟ್ಟ ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನ ಮೇಲೋ ಒತ್ತಿ, ಹೆಬ್ಬೆರಳಿನಲ್ಲಿ ಒಂದೇ ಎಳೆತಕ್ಕೆ ಸುರುಳಿ ಬರುವ ಹಾಗೆ ತೀಡಬೇಕು. ಮೈಮೇಲೆ ಗೆರೆ ಮೂಡಿದ ಪುಟ್ಟ ಶಂಖ ಬೀಳುತ್ತದೆ. ಒಂದು ಕಿಲೋ ಹಿಟ್ಟಿಗೆ ಇಂಥವು ಎಷ್ಟಾದಾವು ಅಂತ ಎಣಿಸುವ ಸಾಹಸ ಯಾರೂ ಮಾಡುವುದಿಲ್ಲ. ಬೆರಳು ನೋಯುತ್ತದೆ, ಹುಡುಗರು ಹಸಿ ಹಿಟ್ಟು ತಿಂದು ಬೈಸಿಕೊಳ್ಳುತ್ತಾರೆ, ವರ್ಷವೆಲ್ಲ ಅಡುಗೆಮನೆ ಕಡೆ ತಲೆ ಹಾಕದ ಗಂಡಸರೂ ಆ ದಿನ ಬಾಚಣಿಗೆ ಹಿಡಿಯುತ್ತಾರೆ. ಆಮೇಲೆ ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿ, ಪಾಕ ಬೆಳ್ಳಗೆ ಬಿಗಿಯುವ ತನಕ ಕೈಯಾಡಿಸುತ್ತಲೇ ಇರಬೇಕು. ಪಾತೇಕಾಕ್ಕೆ ಹಸಿ ನೇಂದ್ರ ಬಾಳೆಕಾಯಿ ಸಣ್ಣಗೆ ಹೆಚ್ಚಿ ಕರಿದು, ಶುಂಠಿ ಹಾಕಿದ ಬೆಲ್ಲದ ಪಾಕ ಹಿಡಿಸುತ್ತಾರೆ. ನೆವ್ರಿಯನ್ನಂತೂ ನಮಗೆ ಹೇಳಿಕೊಡಬೇಕಾಗಿಲ್ಲ. ಕೊಬ್ಬರಿ, ಎಳ್ಳು, ಸಕ್ಕರೆ, ಏಲಕ್ಕಿಯ ಹೂರಣ, ಅರ್ಧಚಂದ್ರದ ಆಕಾರ, ಅಂಚಿಗೆ ಹಲ್ಲುಹಲ್ಲಿನ ಪುಟ್ಟ ಚಕ್ರ. ನಮ್ಮ ಕರ್ಜಿಕಾಯಿಯೇ. ಮೊದಲ ಸಲ ಕುಸ್ವಾರ್ ಡಬ್ಬಿ ತೆಗೆದ ಹೊಸದುರ್ಗದ ಅಜ್ಜಿಯರು ‘ಇದ್ಯಾಕ್ರೀ, ದೀಪಾವಳಿ ಮುಗಿದು ತಿಂಗಳಾತಲ್ಲ?’ ಅಂದರೆ ಅದರಲ್ಲಿ ತಪ್ಪೇನೂ ಇಲ್ಲ.

ಡಬ್ಬಿ ತುಂಬುವುದರಷ್ಟೇ ತಲೆನೋವಿನ ಕೆಲಸ ಪಟ್ಟಿ ಮಾಡುವುದು. ಎಷ್ಟು ಮನೆ, ಯಾವ ಮನೆ? ಎಡಕ್ಕಿನವರು, ಬಲಕ್ಕಿನವರು, ಎದುರಿನವರು, ಮಕ್ಕಳ ಮೇಷ್ಟ್ರು, ಹಾಲಿನವರು. ಬಹಳ ಮನೆಗಳಲ್ಲಿ ಇನ್ನೊಂದು ವಾಡಿಕೆಯಿದೆ. ಆ ವರ್ಷ ಸಾವಾದ ಮನೆಯಲ್ಲಿ ಕುಸ್ವಾರ್ ಮಾಡುವುದಿಲ್ಲ, ಆ ಮನೆಗೆ ಸುತ್ತಮುತ್ತಲಿನವರೇ ಕಳಿಸುತ್ತಾರೆ. ನಮ್ಮಲ್ಲೂ ಹಾಗೇ ಅಲ್ಲವೇ? ತಂದೆಯೋ ತಾಯಿಯೋ ಹೋದ ವರ್ಷ ಬಾಣಲೆ ಇಡುವ ಹಾಗಿಲ್ಲ, ಆದರೆ ಆ ಮನೆಯ ಮಕ್ಕಳು ಹಬ್ಬದ ದಿನ ಬಾಯಿ ಒಣಗಿಸಿಕೊಂಡು ಕೂತ ಉದಾಹರಣೆಯೂ ಇಲ್ಲ. ಹೋಳಿಗೆ ಮುಚ್ಚಿಟ್ಟ ತಟ್ಟೆ ಹಿಂಬಾಗಿಲಿನಿಂದ ಬಂದೇ ಬರುತ್ತದೆ.

ಉಡುಗೊರೆಯ ಪೆಟ್ಟಿಗೆ ಎಲ್ಲೇ ಕಂಡರೂ ಅದು ಯಾವ ಕಡೆಗೆ ಹೊರಟಿದೆ ಅಂತ ನೋಡುವ ಚಟ ನನಗಿದೆ. ಮೇಲಕ್ಕೋ, ಕೆಳಕ್ಕೋ, ಪಕ್ಕಕ್ಕೋ? ಒಳಗೇನಿದೆ ಅನ್ನುವುದಕ್ಕಿಂತ ಇದು ಹೆಚ್ಚು ವಿಷಯ ಹೇಳುತ್ತದೆ.

ಕ್ರಿಸ್‌ಮಸ್ಸನ್ನೇ ತಗೊಳ್ಳಿ. ಬ್ರಿಟಿಷರ ಕಾಲದಲ್ಲಿ ಈ ಹಬ್ಬ ಬಂತು ಅಂದರೆ ಕೈಕೆಳಗಿನ ನೌಕರರು, ಕಂತ್ರಾಟುದಾರರು, ಜಮೀನ್ದಾರರು ದೊರೆಗಳ ಬಂಗಲೆಗೆ ‘ಡಾಲಿ’ ಒಯ್ಯುತ್ತಿದ್ದರು. ಅಗಲವಾದ ಬುಟ್ಟಿಯಲ್ಲೋ ತಟ್ಟೆಯಲ್ಲೋ ಹಣ್ಣು, ಹೂವು, ಒಣದ್ರಾಕ್ಷಿ, ಮಿಠಾಯಿ, ಮನಸ್ಸು ದೊಡ್ಡದಿದ್ದರೆ ಅಥವಾ ಕೆಲಸ ದೊಡ್ಡದಿದ್ದರೆ ಒಂದು ವಿಸ್ಕಿ ಬಾಟಲಿ. ದೊರೆಸಾನಿ ಒಂದು ಹಣ್ಣು ಮುಟ್ಟಿದರೆ ಸ್ವೀಕಾರವಾದಂತೆ. ಹಬ್ಬ ಕೊಟ್ಟವರದ್ದಲ್ಲ, ತಗೊಂಡವರದ್ದು. ದೊರೆಗಳು ಹೋದರು, ಡಾಲಿ ಹೋಗಲಿಲ್ಲ. ದೀಪಾವಳಿಗೆ ಕಚೇರಿ ಕಚೇರಿಗೆ ಹತ್ತುವ ಒಣಹಣ್ಣಿನ ಪೆಟ್ಟಿಗೆಗಳ ಬೆಳ್ಳಿ ರಿಬ್ಬನ್ನು ನೋಡಿದರೆ ಗೊತ್ತಾಗುತ್ತದೆ. ಸರ್ಕಾರಿ ನೌಕರರ ನಡತೆ ನಿಯಮಗಳಲ್ಲಿ ಉಡುಗೊರೆಗೆಂದೇ ಒಂದು ನಿಯಮ ಬರೆದಿಟ್ಟಿದ್ದು ಸುಮ್ಮನೆ ಅಲ್ಲ. ನಿಯಮ ಬರೆದವರಿಗೆ ಡಬ್ಬಿ ಯಾವ ದಿಕ್ಕಿಗೆ ಹೋಗುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿತ್ತು.

ಅದೇ ದೊರೆಗಳ ಊರಿನಲ್ಲಿ ಪೆಟ್ಟಿಗೆ ಇಳಿಮುಖವಾಗಿ ಹೋಗುತ್ತಿತ್ತು. ಇಂಗ್ಲೆಂಡಿನಲ್ಲಿ ಡಿಸೆಂಬರ್ 26ಕ್ಕೆ ಬಾಕ್ಸಿಂಗ್ ಡೇ ಅನ್ನುತ್ತಾರೆ. ನಮಗೆ ಅದು ಮೆಲ್ಬರ್ನ್ ಟೆಸ್ಟಿನಿಂದ ಪರಿಚಯ, ಗುದ್ದಾಟಕ್ಕೂ ಅದಕ್ಕೂ ಸಂಬಂಧವಿಲ್ಲ. ಹದಿನೇಳನೇ ಶತಮಾನದಲ್ಲಿ ಅಲ್ಲಿನ ಅಂಗಡಿ ಹುಡುಗರು ನಮ್ಮ ಗೋಲಕದಂಥ ಮಣ್ಣಿನ ಪೆಟ್ಟಿಗೆ ಹಿಡಿದು ವರ್ಷವಿಡೀ ಕೆಲಸ ಮಾಡಿಕೊಟ್ಟ ಮನೆಗಳ ಮುಂದೆ ನಿಲ್ಲುತ್ತಿದ್ದರು. ಕಾಸು ತುಂಬಿದ ಮೇಲೆ ಒಡೆದು ಹಂಚಿಕೊಳ್ಳುತ್ತಿದ್ದರು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1663ರ ಡಿಸೆಂಬರಿನ ತನ್ನ ದಿನಚರಿಯಲ್ಲಿ, ಚಮ್ಮಾರನ ಅಂಗಡಿಗೆ ಹೋಗಿ ಬಾಕಿ ತೀರಿಸಿದ ಕೂಡಲೇ ಹುಡುಗರ ಪೆಟ್ಟಿಗೆಗೂ ಏನೋ ಹಾಕಿದ್ದನ್ನು ಬರೆದಿದ್ದಾನೆ. ಆಮೇಲೆ ಅಂಚೆಯವರು, ಕಸದವರು, ಮನೆಗೆಲಸದವರು ಎಲ್ಲರಿಗೂ ಅದು ವಾಡಿಕೆಯಾಯಿತು. ಅಂದರೆ ಅಲ್ಲಿನ ಕ್ರಿಸ್‌ಮಸ್ ಪೆಟ್ಟಿಗೆ ಮೊದಲಿಗೆ ತುಂಬಿ ಬರುತ್ತಿರಲಿಲ್ಲ, ಬರಿದಾಗಿ ಬಂದು ತುಂಬಿಸಿಕೊಂಡು ಹೋಗುತ್ತಿತ್ತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಣ. ಇದೇ ಡಿಸೆಂಬರ್, ಜನವರಿಯಲ್ಲಿ ರಾಗಿ ತೂರಿ ರಾಶಿ ಪೂಜೆಯಾದ ಮೇಲೆ, ಮನೆಗೆ ಒಂದು ಮೂಟೆ ಹೋಗುವ ಮುಂಚೆ ಆಯಗಾರರ ಪಾಲು ಅಳೆಯುತ್ತಿದ್ದರು. ನೇಗಿಲು ಮಾಡಿಕೊಟ್ಟ ಬಡಗಿ, ಕುಳ ತಟ್ಟಿಕೊಟ್ಟ ಕಮ್ಮಾರ, ಅಗಸ, ಕ್ಷೌರಿಕ, ತಳವಾರ, ತೋಟಿ. ಅವರೂ ಬರಿದಾದ ಚೀಲ ತರುತ್ತಿದ್ದರು. ಅದನ್ನು ದಾನ ಅಂತ ಕರೆಯುವ ಹಾಗಿರಲಿಲ್ಲ, ವರ್ಷದ ದುಡಿಮೆಗೆ ಬರಬೇಕಾದ ಬಾಕಿ ಅದು. ಹಾಗಂತ ಆ ಏರ್ಪಾಡನ್ನು ಹಾಡಿ ಹೊಗಳುವ ಮನಸ್ಸೂ ನನಗಿಲ್ಲ. ಎಲ್ಲರ ಚೀಲಕ್ಕೂ ಕೊಳಗ ಒಂದೇ ಥರ ತಲೆದುಂಬಿ ಬೀಳುತ್ತಿರಲಿಲ್ಲ. ಕೊನೆಯಲ್ಲಿ ನಿಂತವರಿಗೆ ಮಣ್ಣು ಬೆರೆತ ಅಡಿಗಾಳು ಗುಡಿಸಿ ಕೊಟ್ಟ ಕಣಗಳೂ ಇದ್ದವು, ಮತ್ತು ಯಾರು ಕೊನೆಯಲ್ಲಿ ನಿಲ್ಲಬೇಕು ಅನ್ನುವುದು ಹುಟ್ಟಿನಲ್ಲೇ ತೀರ್ಮಾನವಾಗಿತ್ತು.

ಇನ್ನು ಪಕ್ಕಕ್ಕೆ ಹೋಗುವ ಡಬ್ಬಿ. ಕುಸ್ವಾರ್ ಆ ಜಾತಿಯದು. ಕೊಟ್ಟವರಿಗೂ ತಗೊಂಡವರಿಗೂ ನಡುವೆ ಒಂದು ಗೋಡೆಯಷ್ಟೇ ಅಂತರ. ನಮ್ಮಲ್ಲಿ ಇದಕ್ಕೆ ಜೋಡಿ ಹುಡುಕಿದರೆ ಮೂರು ವಾರ ಕಾಯಬೇಕು, ಸಂಕ್ರಾಂತಿಗೆ ಎಳ್ಳು ಬೀರುವುದು. ಆ ಡಬ್ಬಿಗೆ ಬೇಕಾದ್ದೆಲ್ಲ ಹೆಚ್ಚುಕಡಿಮೆ ಜಿಲ್ಲೆಯಲ್ಲೇ ಸಿಗುತ್ತದೆ. ಕೊಬ್ಬರಿ ಹೊಸದುರ್ಗ, ಹೊಳಲ್ಕೆರೆಯ ತೋಟದ್ದು, ಕಡಲೆಬೀಜ ಎಣ್ಣೆ ಗಿರಣಿಗಳ ಚಳ್ಳಕೆರೆ ಕಡೆಯದು. ಬಾಗಿನವೂ ಒಂದು ಥರದ ಪೆಟ್ಟಿಗೆಯೇ. ಒಂದು ಮೊರದಲ್ಲಿ ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಕಾಳು, ಕಾಯಿ ಇಟ್ಟು, ಇನ್ನೊಂದು ಮೊರವನ್ನು ಮೇಲೆ ಕವುಚಿದರೆ ಮುಚ್ಚಳ. ಅದನ್ನು ತವರಿನವರು ಮಗಳಿಗೆ ಕೊಡುತ್ತಾರೆ, ತುಂಬಿದ ಕೆರೆಗೂ ಕೊಡುತ್ತಾರೆ. 1933ರ ಮೇಲೆ ಕೋಡಿ ಬಿದ್ದೇ ಇರದ ವಾಣಿವಿಲಾಸ ಸಾಗರ 2022ರಲ್ಲಿ ತುಂಬಿ ಹರಿದಾಗ ಆ ಜಲಾಶಯವಿರುವ ಮಾರಿಕಣಿವೆಗೆ ಜನ ಜಾತ್ರೆಯ ಹಾಗೆ ಹೋಗಿ ಬಾಗಿನ ಬಿಟ್ಟು ಬಂದರು. ಹಿನ್ನೀರಿಗೆ ತೋಟ ಮುಳುಗಿದ ಹೊಸದುರ್ಗದ ಕಡೆಯ ರೈತರು ಆ ಹೊತ್ತಿನಲ್ಲಿ ಏನಂದುಕೊಂಡರೋ, ಅದು ಬೇರೆ ಕಥೆ.

ಆದರೆ ಪಕ್ಕಕ್ಕೆ ಹೋಗುವ ಡಬ್ಬಿ ಎಷ್ಟು ಪಕ್ಕಕ್ಕೆ ಹೋಗುತ್ತದೆ? ಎಳ್ಳಿನ ತಟ್ಟೆ ಹಿಡಿದು ಹೊರಟ ಹುಡುಗಿಯರಿಗೆ ಯಾವ ಬೀದಿಯ ತನಕ ಹೋಗಬೇಕು, ಎಲ್ಲಿಂದ ತಿರುಗಬೇಕು ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ, ಆದರೂ ಅವರಿಗೆ ಗೊತ್ತಿರುತ್ತದೆ. ಕ್ರಿಸ್‌ಮಸ್ ಡಬ್ಬಿಗೂ ಈ ಕಾಟ ತಪ್ಪಿದ್ದಲ್ಲ. ಕೆಲವು ಮನೆಗಳಲ್ಲಿ ನಗುನಗುತ್ತಾ ಈಸಿಕೊಂಡು, ಬಾಗಿಲು ಹಾಕಿದ ಮೇಲೆ ಮುಸುರೆ ಬಾನಿಗೆ ಸುರಿಯುತ್ತಿದ್ದರು. ಕೊಟ್ಟವರಿಗೆ ಅದು ತಿಳಿಯುತ್ತಿರಲಿಲ್ಲ ಅಂತ ಅಂದುಕೊಂಡಿದ್ದರೆ ಅದು ಈಸಿಕೊಂಡವರ ಭ್ರಮೆ. ಹಾಗಾಗಿಯೇ ಒಂದು ಜಾಣ್ಮೆ ಬೆಳೆಯಿತು. ಬೇಯಿಸಿದ್ದು ಬೇಡ ಅನ್ನುವ ಮನೆಗೆ ಬಾಳೆಹಣ್ಣಿನ ಚಿಪ್ಪು, ತೆಂಗಿನಕಾಯಿ, ಕಲ್ಲುಸಕ್ಕರೆ. ಮಿಕ್ಕವರಿಗೆ ಮನೆಯ ತಿಂಡಿ. ಪಟ್ಟಿಯಲ್ಲಿ ಹೆಸರಿನ ಪಕ್ಕ ಇದನ್ನೂ ಗುರುತು ಹಾಕಿಕೊಳ್ಳಬೇಕು.

ಅಂಗಡಿಯಿಂದ ಕೊಂಡ ಡಬ್ಬಿಯನ್ನು ಬೈಯಲು ಹೊರಟವನು ನಾನು ಇಲ್ಲಿ ಸ್ವಲ್ಪ ತಡೆಯುತ್ತೇನೆ. ಈಗ ಮಂಗಳೂರಿನಲ್ಲೇ ಕುಸ್ವಾರ್ ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದೊಂದು ಬಗೆಯೂ ಒಂದೊಂದು ಗೂಡಿನಲ್ಲಿ ಕೂತು, ಕೊರಿಯರ್‌ನಲ್ಲಿ ಬೆಂಗಳೂರಿಗೂ ಮುಂಬೈಗೂ, ಸೂಟ್‌ಕೇಸಿನಲ್ಲಿ ದುಬೈಗೂ ಹೋಗುತ್ತದೆ. ಬಾಚಣಿಗೆಯ ಸಂಜೆ ಹೋಯಿತಲ್ಲ ಅಂತ ಕೊರಗುವವರಿದ್ದಾರೆ. ಕೊರಗುವವರು ಬಹುತೇಕ ಕಿಡ್ಯೊ ತಿಂದವರು, ಇಬ್ಬರು ಮಕ್ಕಳು, ಒಂದು ನೌಕರಿ ಇಟ್ಟುಕೊಂಡು ರಾತ್ರಿ ಹನ್ನೊಂದರವರೆಗೆ ಬಾಣಲೆ ಮುಂದೆ ನಿಂತವರಲ್ಲ. ಇನ್ನೊಂದು ಮಾತು. ಬೇಕರಿಯ ಸೀಲು ಬಿದ್ದ ಪೆಟ್ಟಿಗೆ, ಮನೆಯ ತಟ್ಟೆ ದಾಟದ ಹೊಸ್ತಿಲನ್ನು ದಾಟಿತು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಬಿ.ಬಿ. ಬೇಕರಿಯಿಂದ ಹಿಡಿದು, ಹಾಸನದ ಕಡೆಯವರು ಊರೂರಿಗೆ ತಂದಿಟ್ಟ ಅಯ್ಯಂಗಾರ್ ಬೇಕರಿಗಳವರೆಗೆ, ‘ಮೊಟ್ಟೆ ಇಲ್ಲ’ ಅನ್ನುವ ಒಂದು ಬೋರ್ಡು ಎಷ್ಟೋ ಮಡಿ ಮನೆಗಳ ಬಾಯಿಗೆ ಕೇಕು ಇಟ್ಟಿತು. ಈಗ ಡಿಸೆಂಬರಿನಲ್ಲಿ ಆ ಬೇಕರಿಗಳಲ್ಲೇ ಮೊಟ್ಟೆಯಿಲ್ಲದ ಪ್ಲಮ್ ಕೇಕು ಸಾಲಾಗಿ ಕೂತಿರುತ್ತದೆ. ರಟ್ಟಿನ ಪೆಟ್ಟಿಗೆಯ ಮೇಲೆ ಕ್ರಿಸ್‌ಮಸ್ ತಾತನ ಚಿತ್ರ, ಗಲ್ಲಾಪೆಟ್ಟಿಗೆಯ ಮೇಲೆ ತಿರುಪತಿ ತಿಮ್ಮಪ್ಪನ ಪಟ. ಯಾರು ಬೇಯಿಸಿದರು ಅಂತ ಕೇಳುವ ಬಾಯಿ ಎಂ.ಆರ್.ಪಿ. ನೋಡಿ ಸುಮ್ಮನಾಗುತ್ತದೆ. ಜಾತಿ ಬಿಡಿಸಲು ಇದು ದೊಡ್ಡ ಮದ್ದು ಅಂತ ನಾನು ಹೇಳುತ್ತಿಲ್ಲ. ಕೇಕು ತಿಂದವರೆಲ್ಲ ಕೇಕು ತಂದವರಿಗೆ ಬಾಡಿಗೆಗೆ ಮನೆ ಕೊಡುತ್ತಾರೆ ಅನ್ನುವುದೂ ಸುಳ್ಳು.

ಮನೆಯ ಡಬ್ಬಿಗೆ ಇರುವ ಒಂದು ಗುಣ ಮಾತ್ರ ಕೊಂಡ ಡಬ್ಬಿಗೆ ಬಂದಿಲ್ಲ. ಅದು ವಾಪಸು ಹೋಗಬೇಕು, ಮತ್ತು ಬರಿದಾಗಿ ಹೋಗುವ ಹಾಗಿಲ್ಲ. ತೊಳೆದು ಒರೆಸಿದ ಸ್ಟೀಲ್ ಡಬ್ಬಿಯನ್ನು ಹಾಗೇ ಕೈಗಿಡಲು ನಮ್ಮ ಕಡೆಯ ಹೆಂಗಸರಿಗೆ ಕೈಬರುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಒಂದು ಅಚ್ಚು ಬೆಲ್ಲ. ಡಿಸೆಂಬರ್ ಆದ್ದರಿಂದ ಆ ಚಿಂತೆಯೂ ಇಲ್ಲ, ಹಿತಕಿದ ಅವರೆಬೇಳೆ ಇದ್ದೇ ಇರುತ್ತದೆ. ಕೊಂಡ ಪೆಟ್ಟಿಗೆಯ ರಟ್ಟು ಒಲೆಗೆ ಹೋಗುತ್ತದೆ, ಅಲ್ಲಿಗೆ ಬಾಬತ್ತು ಮುಗಿಯಿತು.

ನಮ್ಮ ಬೀದಿಯಲ್ಲಿ ಒಬ್ಬರು ನರ್ಸಮ್ಮ ಇದ್ದಾರೆ, ಕರಾವಳಿಯವರು, ಇಲ್ಲಿಗೆ ಬಂದು ಬಹಳ ವರ್ಷವಾಯಿತು. ಅವರ ಪಕ್ಕದ ಮನೆಯ ದೊಡ್ಡಮ್ಮ ಕಟ್ಟಾ ಲಿಂಗಾಯತರು, ಇಷ್ಟಲಿಂಗ ಪೂಜೆ ಆಗದೆ ನೀರು ಮುಟ್ಟುವವರಲ್ಲ. ಶುರುವಿನಲ್ಲಿ ಈ ಮನೆಗೆ ಬಾಳೆಹಣ್ಣು ಮಾತ್ರ ಬರುತ್ತಿತ್ತು. ದೊಡ್ಡಮ್ಮನಿಗೆ ಮಂಡಿನೋವು ಬಂದು, ನರ್ಸಮ್ಮ ದಿನಾ ಸಂಜೆ ಬಂದು ಎಣ್ಣೆ ತಿಕ್ಕಿ ಹೋಗುವಂತಾದ ಮೇಲೆ ಬಾಳೆಹಣ್ಣಿನ ಜೊತೆಗೆ ಚಕ್ಕುಲಿ ಬಂತು. ಆಮೇಲೆ ನೆವ್ರಿ. ಈಗ ಡಬ್ಬಿಯೇ ಬರುತ್ತದೆ, ಆದರೆ ಹೊಸ್ತಿಲಲ್ಲಿ ಒಂದು ವಿಚಾರಣೆ ಇನ್ನೂ ನಡೆಯುತ್ತದೆ.

‘ಇದಕ್ಕೆ ಮೊಟ್ಟೆ ಹಾಕೀಯೇನಮ್ಮ?’

‘ಕೇಕಿಗೆ ಹಾಕಿಲ್ಲ ದೊಡ್ಡಮ್ಮ, ನಿಮಗೋಸ್ಕರಾನೇ ಮೊಸರು ಹಾಕಿ ಮಾಡಿದ್ದು. ಗುಲಾಬಿ ಹೂವಿಗೆ ಮಾತ್ರ ಹಾಕಿದೀನಿ, ಅದನ್ನ ಬೇರೆ ಕವರಲ್ಲಿ ಕಟ್ಟಿದೀನಿ, ಮೊಮ್ಮಕ್ಕಳಿಗೆ ಕೊಡಿ.’

‘ಅವರು ತಿಂತಾರೆ ಬಿಡು, ಹೊರಗಡೆ ಏನೇನು ತಿಂದು ಬರ್ತಾವೋ. ತಡಿ, ಹೋದ ಸಲದ ಡಬ್ಬಿ ಇಲ್ಲೇ ಐತೆ. ಅವರೆಬೇಳೆ ಹಾಕಿಟ್ಟಿದೀನಿ, ಇವತ್ತೇ ಸಾರು ಮಾಡ್ಕೋ, ನಾಳೆಗೆ ಹುಳಿ ವಾಸನೆ ಬರ್ತದೆ.’