ಕಲೆಯೆಂಬ ಗೌಣವಿಷಯ

ಛಾಂದೋಗ್ಯೋಪನಿಷತ್ತಿನ ಏಳನೆಯ ಅಧ್ಯಾಯದ ಮೊದಲಲ್ಲಿ ನಾರದನು ಸನತ್ಕುಮಾರನ ಬಳಿಗೆ ಶಿಷ್ಯನಾಗಿ ಬಂದು, ತಾನು ಅದುವರೆಗೆ ಓದಿದ ವಿದ್ಯೆಗಳನ್ನೆಲ್ಲ ಒಂದೊಂದಾಗಿ ಒಪ್ಪಿಸುತ್ತಾನೆ. ವೇದಗಳು, ಇತಿಹಾಸಪುರಾಣಗಳು, ವ್ಯಾಕರಣ, ಗಣಿತ, ತರ್ಕ, ನಕ್ಷತ್ರವಿದ್ಯೆ ಎಂದು ಸಾಗುವ ಆ ದೀರ್ಘವಾದ ಪಟ್ಟಿಯ ಕಟ್ಟಕಡೆಗೆ ಬರುವುದು ದೇವಜನವಿದ್ಯೆ. ನೃತ್ಯ, ಗೀತ, ವಾದ್ಯ, ಶಿಲ್ಪ ಮೊದಲಾದುವುಗಳ ಅರಿವೇ ಅದೆಂದು ಶಂಕರರ ಭಾಷ್ಯ ಹೇಳುತ್ತದೆ. ಕಲೆಗಳನ್ನು ವ್ಯಾಸಂಗಪಟ್ಟಿಯ ಬಾಲದಲ್ಲಿ ಕೂರಿಸುವ ಪದ್ಧತಿ ಇಂದುನಿನ್ನೆಯದಲ್ಲವೆಂಬುದಕ್ಕೆ ಇದನ್ನು ಸಾಕ್ಷಿಯಾಗಿ ಹಿಡಿಯಬಹುದೋ ಏನೋ! ಅದಂತಿರಲಿ, ಇಷ್ಟನ್ನೆಲ್ಲ ಕಲಿತೂ ತಾನು ಮಂತ್ರಗಳನ್ನು ಬಲ್ಲವನೇ ಹೊರತು ಆತ್ಮವನ್ನು ಬಲ್ಲವನಲ್ಲವೆಂದೂ, ಶೋಕವನ್ನು ತಾನಿನ್ನೂ ದಾಟಿಲ್ಲವೆಂದೂ ಅವನು ಹೇಳಿಕೊಳ್ಳುತ್ತಾನೆ. ವೀಣೆಯೊಡನೆಯಲ್ಲದೆ ಲೋಕದ ಕಣ್ಣಿಗೆ ಕಾಣದ ನಾರದನೇ ಹೀಗೆಂದ ಮೇಲೆ, ಕಲೆಯಿಂದ ಆತ್ಮಕ್ಕೆ ಏನಾದರೂ ಸಂದೀತೇ ಎಂಬ ಪ್ರಶ್ನೆಯನ್ನು ಲಘುವಾಗಿ ಎಣಿಸುವಂತಿಲ್ಲ.

ಈ ಹಳೆಯ ಪ್ರಶ್ನೆಗೆ ನಮ್ಮ ಕಾಲದಲ್ಲಿ ಹೊಸದೊಂದು ವೇಷ ಬಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನಂತೆ, ಮೂರು ವರ್ಷಗಳ ಪದವಿಯ 120 ಕ್ರೆಡಿಟ್ಟುಗಳಲ್ಲಿ 24 ಗೌಣವಿಷಯಕ್ಕೆ, ಕಾಲೇಜಿನವರ ಮಾತಿನಲ್ಲಿ ಹೇಳುವುದಾದರೆ ‘ಮೈನರಿ’ಗೆ, ಸೇರತಕ್ಕವು. ಆದುದರಿಂದ ರಸಾಯನಶಾಸ್ತ್ರವನ್ನೋ ವಾಣಿಜ್ಯವನ್ನೋ ಪ್ರಧಾನವಾಗಿ ಓದುವ ತರುಣನು, ಸಂಗೀತ ಚಿತ್ರ ನೃತ್ಯ ನಾಟಕಗಳನ್ನು ಕೂಡಿಸಿ ಹೆಣೆದ ಒಂದು ವ್ಯಾಸಂಗವನ್ನು ಅದರ ಮಗ್ಗುಲಿಗಿಟ್ಟುಕೊಳ್ಳಬಹುದು. (ಕರ್ನಾಟಕವು 2021ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣನೀತಿಯನ್ನು ಮುಂದಾಗಿ ಕೈಗೊಂಡು 2024ರಲ್ಲಿ ಹಿಂದೆಗೆದ ಕಥೆ ಬೇರೆ, ಅದು ರಾಜಕಾರಣದ್ದು.) ಒಂದು ಕ್ರೆಡಿಟ್ಟೆಂದರೆ 15 ಗಂಟೆಗಳ ಉಪನ್ಯಾಸ, ಇಲ್ಲವೆ 30 ಗಂಟೆಗಳ ಪ್ರಾಯೋಗಿಕ ಕೆಲಸ. ಎಲ್ಲವೂ ಉಪನ್ಯಾಸವೇ ಆದರೆ 360 ಗಂಟೆಗಳಾದುವು. ಗುರುವಿನ ಮನೆಯಲ್ಲಿ ಹತ್ತಾರು ವರ್ಷ ಸ್ವರಾವಳಿಯಲ್ಲಿಯೇ ತೊಳಲಿದವರು ಈ ಲೆಕ್ಕವನ್ನು ಕೇಳಿ ನಕ್ಕರೆ ಅವರನ್ನು ಆಕ್ಷೇಪಿಸಲಾಗದು.

ಆದರೆ ಕಾಲದ ಅಲ್ಪತೆಯೇ ಇದರ ಮುಖ್ಯದೋಷವೆಂದು ನನಗೆ ತೋರುವುದಿಲ್ಲ. ವೀಣಾವಾದನದ ತತ್ತ್ವವನ್ನೂ ಶ್ರುತಿಜಾತಿಗಳನ್ನೂ ತಾಳವನ್ನೂ ಬಲ್ಲವನು ಪ್ರಯಾಸವಿಲ್ಲದೆ ಮೋಕ್ಷಮಾರ್ಗವನ್ನು ಹೊಂದುವನೆಂದು ಹೇಳುವ ಯಾಜ್ಞವಲ್ಕ್ಯಸ್ಮೃತಿಯು, ಪರಮಪದಕ್ಕೆ ಮುಟ್ಟಲಾರದ ಗೀತಜ್ಞನನ್ನೂ ಕೈಬಿಡದೆ, ಅವನು ರುದ್ರನ ಅನುಚರನಾಗಿ ಅವನೊಡನೆ ಆನಂದಿಸುವನೆಂದು ಸೇರಿಸುತ್ತದೆ. ಇಷ್ಟು ಉದಾರವಾದ ಪರೀಕ್ಷಾಮಂಡಲಿ ಇನ್ನೆಲ್ಲಿಯೂ ಇರಲಾರದು! ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬೋಧಿಸಿದ ಎಂ. ಹಿರಿಯಣ್ಣನವರು ಇದೇ ವಿಷಯವನ್ನು ಹೆಚ್ಚಿನ ಎಚ್ಚರದಿಂದ ವಿವೇಚಿಸಿದರು. ಕಲಾನುಭವದಲ್ಲಿ ಮನುಷ್ಯನು ತನ್ನ ಲಾಭನಷ್ಟಗಳ ಚಿಂತೆಯನ್ನು ಮರೆಯುವುದರಿಂದ ಅದು ಮೋಕ್ಷಕ್ಕೆ ಸದೃಶವಾದದ್ದೆಂದೂ, ಹೊರಗಿನ ವಸ್ತುವೊಂದನ್ನು ಆಶ್ರಯಿಸಿ ಕ್ಷಣಕಾಲ ಮಾತ್ರ ನಿಲ್ಲುವುದರಿಂದ ಮೋಕ್ಷವೇ ಅಲ್ಲವೆಂದೂ ಅವರ ಅಭಿಪ್ರಾಯ. ಈ ಮಾತನ್ನು ಒಪ್ಪುವುದಾದರೆ, ಕಲೆಯನ್ನು ಗೌಣವಾಗಿ ಕಲಿಯುವವನು ಒಂದು ವಿಧದಲ್ಲಿ ಭಾಗ್ಯವಂತನೇ ಸರಿ: ಹೊಟ್ಟೆಪಾಡಿಗೆ ಅವನಿಗೆ ಬೇರೊಂದು ವಿದ್ಯೆಯುಂಟು, ಸಭೆಯ ಚಪ್ಪಾಳೆಯಾಗಲಿ ಸಂಭಾವನೆಯಾಗಲಿ ಅವನ ಹಾಡಿಗೆ ಅಡ್ಡಬರುವುದಿಲ್ಲ.

ದೋಷವಿರುವುದು ಕಲೆಗಳನ್ನು ಕೂಡಿಸುವ ಕ್ರಮದಲ್ಲಿ. ವಿಷ್ಣುಧರ್ಮೋತ್ತರಪುರಾಣದ ತೃತೀಯಖಂಡದಲ್ಲಿ ವಜ್ರನೆಂಬ ಅರಸನು ಮಾರ್ಕಂಡೇಯನನ್ನು ಕೇಳುವುದು ಒಂದೇ ಒಂದು ಸಂಗತಿಯನ್ನು: ದೇವತೆಗಳ ಪ್ರತಿಮೆಗಳನ್ನು ಹೇಗೆ ಮಾಡಬೇಕು? ಚಿತ್ರಸೂತ್ರವನ್ನರಿಯದವನಿಗೆ ಪ್ರತಿಮಾಲಕ್ಷಣ ತಿಳಿಯದೆಂದು ಋಷಿ ಹೇಳುತ್ತಾನೆ. ಹಾಗಾದರೆ ಚಿತ್ರವನ್ನೇ ಹೇಳೆಂದರೆ, ಚಿತ್ರವೂ ನೃತ್ಯವೂ ಲೋಕದ ಅನುಕರಣಗಳೇ ಆದುದರಿಂದ, ದೃಷ್ಟಿ ಹಸ್ತ ಅಂಗೋಪಾಂಗಗಳ ನೃತ್ತಶಾಸ್ತ್ರವಿಲ್ಲದೆ ಅದು ದುರ್ಗಮವೆನ್ನುತ್ತಾನೆ. ನೃತ್ತಕ್ಕೆ ವಾದ್ಯ ಬೇಕು, ವಾದ್ಯಕ್ಕೆ ಗೀತ ಬೇಕು. ಕಲ್ಲಿನಲ್ಲಿ ವಿಗ್ರಹವನ್ನು ಕಾಣಲು ಹೊರಟ ದೊರೆ ಕೊರಳಿನ ನಾದದ ವರೆಗೆ ನಡೆಯಬೇಕಾಯಿತು! ಇಲ್ಲಿ ಒಂದು ಕಲೆಯ ಕಷ್ಟವೇ ಮತ್ತೊಂದರ ಬಾಗಿಲನ್ನು ತಟ್ಟಿಸುತ್ತದೆ.

ನಮ್ಮ ವಿಭಾಗಗಳು ಮಾಡುವುದು ಇದರ ವಿಪರ್ಯಾಸ. ಮೊದಲ ಸೆಮಿಸ್ಟರಿಗೆ ಚಿತ್ರಕಲೆಯ ಇತಿಹಾಸ, ಎರಡನೆಯದಕ್ಕೆ ಸಂಗೀತಪರಿಚಯ, ಮೂರನೆಯದಕ್ಕೆ ರಂಗಭೂಮಿ ಎಂದು ಮದುವೆಯೂಟದ ಎಲೆಯ ಮೇಲಿನ ವ್ಯಂಜನಗಳಂತೆ ಚಿಟಿಕೆಚಿಟಿಕೆಯಾಗಿ ಬಡಿಸಿದರೆ, ಉಣ್ಣುವವನಿಗೆ ರುಚಿ ಸಿಕ್ಕೀತು, ಹಸಿವು ಅಡಗದು. ವಾಕ್ಕಿನಿಂದ ನಡೆಯತಕ್ಕದ್ದು ವಿದ್ಯೆ, ಮೂಕನೂ ಮಾಡಬಲ್ಲದ್ದು ಕಲೆ ಎಂದು ಶುಕ್ರನೀತಿ ವಿಭಾಗ ಮಾಡುತ್ತದೆ; ಆ ಮೂಕನಿಗೆ ಈ ತರಗತಿಗಳಲ್ಲಿ ಕೆಲಸವಿಲ್ಲ. ಸಹೃದಯನಾಗಲು ಕೈಯ ಅಭ್ಯಾಸ ಏತಕ್ಕೆ, ಕಿವಿಕಣ್ಣುಗಳ ಸಂಸ್ಕಾರ ಸಾಲದೇ ಎಂದು ಕೇಳುವವರುಂಟು. ಆದರೆ ಅಭಿನವಗುಪ್ತನು ಸಹೃದಯನಿಂದಲೂ ಕಾವ್ಯಾನುಶೀಲನದ ಅಭ್ಯಾಸವನ್ನು, ಅದರಿಂದ ನಿರ್ಮಲವಾದ ಮನಸ್ಸನ್ನು ಅಪೇಕ್ಷಿಸಿದನೇ ಹೊರತು ಕವಿಗಳ ಕಾಲದೇಶಗಳ ಟಿಪ್ಪಣಿಗಳನ್ನಲ್ಲ.

ಒಂದು ವಿದ್ಯೆಯಿಂದ ಮತ್ತೊಂದಕ್ಕೆ ತಾನಾಗಿ ನಡೆದವರ ಉದಾಹರಣೆಗಳು ದೂರದವಲ್ಲ. ಆನಂದ ಕುಮಾರಸ್ವಾಮಿಗಳು ಲಂಡನ್ ವಿಶ್ವವಿದ್ಯಾಲಯದಿಂದ ಭೂವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಸಿಂಹಳದ ಖನಿಜಗಳನ್ನು ಹುಡುಕುತ್ತ ಹಳ್ಳಿಗಳನ್ನು ಸುತ್ತುವಾಗ ಅಲ್ಲಿನ ಕರಕುಶಲಗಳ ಅವನತಿಯನ್ನು ಕಂಡು ನೊಂದು, ಆ ಕಲೆಗಳ ಮೇಲೆ 1908ರಲ್ಲಿ ಮಹಾಗ್ರಂಥವನ್ನೇ ಹೊರತಂದರು. ನಮ್ಮ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಚಿತ್ರಕಾರರೆನಿಸಿದ ಮೇಲೆ, ಮೈಸೂರಿನಲ್ಲಿ ವೀಣೆ ಶೇಷಣ್ಣನವರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. ಇವರಿಗೆ ಯಾರೂ ವಿಷಯಗಳನ್ನು ಕೂಡಿಸಿಕೊಡಲಿಲ್ಲ.

ಆದುದರಿಂದ ಆ 24 ಕ್ರೆಡಿಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಂದೇ ಕಲೆಯ ಸಾಧನೆಗೆ ಬಿಟ್ಟು, ಉಳಿದ ಕಲೆಗಳನ್ನು ಆ ಸಾಧನೆ ಕೇಳಿದಾಗ ಮಾತ್ರ ತರುವುದು ಯುಕ್ತವೆಂದು ನನ್ನ ಮತ. ಪರೀಕ್ಷೆಯ ತೊಡಕು ಆಗಲೂ ಉಳಿಯುತ್ತದೆ. ಲಾಭನಷ್ಟಗಳನ್ನು ಮರೆಯಿಸಬೇಕಾದ ಅನುಭವಕ್ಕೆ ಅಂಕಗಳನ್ನು ಕೊಟ್ಟೊಡನೆಯೇ, ಮುಂಬಾಗಿಲಿನಿಂದ ಹೊರಹಾಕಿದ ಸ್ವಾರ್ಥ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತದೆ. ವರ್ಷದ ಕೊನೆಯಲ್ಲಿ ವಿದ್ಯಾರ್ಥಿಯು ಒಂದು ಕೀರ್ತನೆಯನ್ನು ಹಾಡಲಿ, ಒಂದು ಚಿತ್ರವನ್ನು ಬರೆಯಲಿ. ಗುರುವಾದವನು ಕೇಳಿ ನೋಡಿ ಸಾಕೆನ್ನಲಿ, ಸಾಲದೆನ್ನಲಿ. ಅಂಕಪಟ್ಟಿಯಲ್ಲಿ ‘ತೇರ್ಗಡೆ’ ಎಂದಷ್ಟೇ ಬರೆದು, ಸರಾಸರಿಯ ಲೆಕ್ಕದಿಂದ ಈ ವಿಷಯವನ್ನು ಹೊರಗಿಡಲು ಕುಲಸಚಿವರ ಕಚೇರಿ ಒಪ್ಪಬೇಕಾದುದೊಂದೇ ಬಾಕಿ.