ಕೇಳದೆ ಕೊಟ್ಟ ಸಂನ್ಯಾಸ

ತುಮಕೂರು ಸೀಮೆಯವರಿಗೆ ವೈರಾಗ್ಯವೆಂಬುದು ಗ್ರಂಥಗಳಲ್ಲಿ ಮಾತ್ರ ಕಂಡ ವಸ್ತುವಲ್ಲ. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ ತಪವನ್ನಾಚರಿಸಿ ಎಡೆಯೂರಿನಲ್ಲಿ ಸಮಾಧಿಸ್ಥರಾದ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಗೆ ಇಂದಿಗೂ ಜನ ನಡೆದುಕೊಳ್ಳುತ್ತಾರೆ. ಶರಣರ ಚರಿತೆಗಳನ್ನು ಪುರಾಣವಾಗಿ ಹಾಡಿದ ಮಲ್ಲಣಾರ್ಯನು ಗುಬ್ಬಿಯವನು. ತುಮಕೂರಿಗೆ ಸಮೀಪದ ಸಿದ್ಧಗಂಗೆಯ ಬೆಟ್ಟದ ಬುಡದಲ್ಲಿ ಸಾವಿರಾರು ಬಡಮಕ್ಕಳು ಸಾಲುಸಾಲಾಗಿ ಪಂಕ್ತಿಯಲ್ಲಿ ಕುಳಿತು ಉಣ್ಣುವ ಮುದ್ದೆಯೂ ಸಾರೂ ಒಬ್ಬ ವಿರಕ್ತರ ತ್ಯಾಗದ ಫಲವೆಂಬುದನ್ನು ಇಲ್ಲಿಯ ಕೂಸೂ ಬಲ್ಲದು.

ಆ ವಿರಕ್ತರ ಆಶ್ರಮಸ್ವೀಕಾರದ ಸಂದರ್ಭವನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. 1930ರಲ್ಲಿ ಸಿದ್ಧಗಂಗಾ ಮಠದ ಉತ್ತರಾಧಿಕಾರಿಗಳಾಗಿದ್ದ ಮರುಳಾರಾಧ್ಯರು ಅಕಾಲದಲ್ಲಿ ಲಿಂಗೈಕ್ಯರಾದಾಗ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಶಿವಣ್ಣನೆಂಬ ತರುಣನನ್ನು ಮಠಾಧಿಪತಿಗಳಾದ ಉದ್ದಾನ ಶಿವಯೋಗಿಗಳು ಆರಿಸಿಕೊಂಡರು. ಅದೇ ವರ್ಷದ ಮಾರ್ಚ್‌ನಲ್ಲಿ ಆತ ಕಾವಿಯುಟ್ಟು ಶಿವಕುಮಾರ ಸ್ವಾಮಿಗಳಾದರು. ಹೀಗೆ ನೋಡಿದರೆ ಆ ಸಂನ್ಯಾಸವೂ ತಾನಾಗಿ ಅರಸಿ ಹೋದದ್ದಲ್ಲ, ಬಂದೊದಗಿದ್ದು. ಆದರೆ ಗುರು ಕರೆದರು, ಶಿಷ್ಯ ಓಗೊಟ್ಟನು. ಆ ಕರೆಗೂ ಓಗೊಡುವಿಕೆಗೂ ನಡುವೆ, ಎಷ್ಟೇ ಕಿರಿದಾಗಿರಲಿ, ಒಲ್ಲೆನೆನ್ನಲು ಒಂದು ಅವಕಾಶವಿದ್ದಿತು. ಧರ್ಮವು ನೆಲೆಸುವುದು ಆ ಅವಕಾಶದಲ್ಲಿಯೇ ಎಂಬುದು ನನ್ನ ದೃಢವಾದ ನಂಬುಗೆ.

ಏಕೆಂದರೆ ಇದೇ ನಾಡಿನಲ್ಲಿ, ಅಗ್ರಹಾರಗಳ ಹಿತ್ತಿಲ ಕೋಣೆಗಳಲ್ಲಿ, ಇನ್ನೊಂದು ಬಗೆಯ ಸಂನ್ಯಾಸಿನಿಯರು ಇದ್ದರು. ಬೋಳಿಸಿದ ತಲೆ, ಒಂದು ಸೀರೆ, ಒಂದು ಹೊತ್ತಿನ ಊಟ. ಯತಿಗೆ ವಿಧಿಸಿದ ನಿಯಮಗಳಲ್ಲಿ ಬಹುಪಾಲು ಅವರಿಗೂ ಇದ್ದವು. ಇಲ್ಲದಿದ್ದುದು ಯತಿಗೆ ಸಲ್ಲುವ ಗೌರವ. ಕಾವಿಯವರು ಎದುರಾದರೆ ಕೈಮುಗಿದ ಜನರೇ ಈ ವಿಧವೆಯರು ಎದುರಾದರೆ ಅಪಶಕುನವೆಂದು ಹಿಂದಿರುಗಿದರು.

ಈ ಮೂಕಜೀವಗಳಿಗೆ ಕನ್ನಡದಲ್ಲಿ ವಾಣಿಯನ್ನು ಕೊಟ್ಟವರು ಎಂ. ಕೆ. ಇಂದಿರಾ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿ, ಶಾಲೆಯ ಓದನ್ನು ಬೇಗನೆ ಮುಗಿಸಿ, ಸಂಸಾರದ ನಡುವೆ ನಲವತ್ತು ದಾಟಿದ ಮೇಲೆ ಲೇಖನಿ ಹಿಡಿದ ಈ ಮಲೆನಾಡಿನ ಗೃಹಿಣಿ ತಮ್ಮ ‘ತುಂಗಭದ್ರ’ ಕಾದಂಬರಿಗೆ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆದರು. ಆ ಬಳಿಕ 1976ರ ‘ಫಣಿಯಮ್ಮ’ನಿಗೂ ಅದೇ ಗೌರವ ಸಂದಿತು, ಪ್ರೇಮಾ ಕಾರಂತರು ಅದನ್ನು ಚಲನಚಿತ್ರವನ್ನಾಗಿಯೂ ಮಾಡಿದರು. ನಿಜವಾಗಿ ಬಾಳಿದ ಒಬ್ಬ ಬಾಲವಿಧವೆಯ ಜೀವನವೇ ಅದರ ಮೂಲ. ಗಂಡನೆಂದರೇನೆಂದು ಅರಿಯುವ ಮೊದಲೇ ಗಂಡನನ್ನು ಕಳೆದುಕೊಂಡ ಫಣಿಯಮ್ಮ ಋತುಮತಿಯಾದೊಡನೆ ಕೇಶವನ್ನೂ ಕಳೆದುಕೊಳ್ಳುತ್ತಾಳೆ. ಯಾರೂ ಅವಳನ್ನು ಕೇಳಲಿಲ್ಲ. ಅಲ್ಲಿಂದ ಮುಂದಿನ ಸುದೀರ್ಘವಾದ ಆಯುಷ್ಯದಲ್ಲಿ ಅವಳು ಕಹಿಯಾಗದೆ, ಹಲುಬದೆ, ಎಲ್ಲರ ಬಾಣಂತನಕ್ಕೂ ಎಲ್ಲರ ಮದುವೆಯ ಅಡುಗೆಗೂ ದುಡಿಯುತ್ತ, ಅಸ್ಪೃಶ್ಯರ ಹೆಂಗಸೊಬ್ಬಳು ಹೆರಲಾರದೆ ಸಾಯುವಂತಿದ್ದಾಗ ಮಡಿಯನ್ನು ಬದಿಗಿಟ್ಟು ಹೋಗಿ ತನ್ನ ಕಿರಿದಾದ ಕೈಯಿಂದ ಮಗುವನ್ನು ಈಚೆಗೆ ತೆಗೆದು, ಋಷಿಗಳಿಗೂ ದುರ್ಲಭವಾದ ಸಮಚಿತ್ತಕ್ಕೆ ಏರುತ್ತಾಳೆ.

ಇಲ್ಲಿಯೇ ಪ್ರಶ್ನೆ ಕಠಿನವಾಗುತ್ತದೆ. ಬಲಾತ್ಕಾರದಿಂದ ಬಂದ ವೈರಾಗ್ಯವೂ ಇಂಥ ಫಲವನ್ನು ಕೊಡಬಲ್ಲುದಾದರೆ, ಬಲಾತ್ಕಾರವನ್ನು ಏತಕ್ಕೆ ದೂರಬೇಕು? ಹಿರಿಯರಲ್ಲಿ ಕೆಲವರು ಕರ್ಮವಿಪಾಕದ ಹೆಸರಿನಲ್ಲಿ ಹೀಗೆ ವಾದಿಸುವುದುಂಟು.

ಇದಕ್ಕೆ ಉತ್ತರವನ್ನು ಅರಸುವಾಗ ಜಪಾನಿನ ಕಾದಂಬರಿಕಾರ್ತಿಯೊಬ್ಬರು ನೆನಪಾಗುತ್ತಾರೆ. 1922ರಲ್ಲಿ ಜನಿಸಿದ ಸೆತೊಉಚಿ ಹರುಮಿ ಗಂಡನನ್ನೂ ಎಳೆಯ ಮಗಳನ್ನೂ ತೊರೆದು ಪ್ರಣಯದ ಬೆನ್ನುಹತ್ತಿದವರು. ಹೆಣ್ಣಿನ ಕಾಮನೆಯನ್ನು ಮುಚ್ಚುಮರೆಯಿಲ್ಲದೆ ಬರೆದುದಕ್ಕಾಗಿ ವಿಮರ್ಶಕರ ತಿರಸ್ಕಾರಕ್ಕೆ ಗುರಿಯಾಗಿ ಕೆಲವು ವರ್ಷ ದೊಡ್ಡ ಸಾಹಿತ್ಯಪತ್ರಿಕೆಗಳಿಂದ ದೂರವಾದವರು. ಬಳಿಕ 1963ರಲ್ಲಿ ಮಹಿಳಾ ಸಾಹಿತ್ಯ ಪ್ರಶಸ್ತಿಯನ್ನು ಗೆದ್ದವರು. ಕೀರ್ತಿಯ ಮಧ್ಯಾಹ್ನದಲ್ಲಿ, 1973ರಲ್ಲಿ, ತಮ್ಮ 51ನೆಯ ವಯಸ್ಸಿನಲ್ಲಿ, ಹಿರೈಜುಮಿಯ ಚೂಸೊನ್‌ಜಿ ದೇಗುಲದಲ್ಲಿ ತಲೆ ಬೋಳಿಸಿಕೊಂಡು ತೆಂದೈ ಪಂಥದ ಭಿಕ್ಷುಣಿಯಾಗಿ ಜಕುಚೊ ಎಂಬ ಹೆಸರನ್ನು ತಳೆದರು. ಲೇಖನಿಯನ್ನು ಮಾತ್ರ ಕೆಳಗಿಡಲಿಲ್ಲ: 1992ರಲ್ಲಿ ತನಿಜಾಕಿ ಪ್ರಶಸ್ತಿ ಬಂದಿತು, ಸಾವಿರ ವರ್ಷ ಹಿಂದಿನ ‘ಗೆಂಜಿಯ ಕಥೆ’ಯನ್ನು ಇಂದಿನ ಜಪಾನಿಗೆ ತಂದರು, ತೊಂಬತ್ತರ ಆಸುಪಾಸಿನಲ್ಲಿಯೂ ಅಣುಸ್ಥಾವರಗಳ ವಿರುದ್ಧ ನಿರಶನ ಕುಳಿತರು. 2021ರಲ್ಲಿ ತೀರಿಕೊಂಡರು. ಅವರ ಬೋಳುತಲೆಯನ್ನು ಕಂಡು ಯಾರೂ ಮುಖ ತಿರುಗಿಸಲಿಲ್ಲ. ಕ್ಯೋಟೊದ ಅವರ ಆಶ್ರಮಕ್ಕೆ ಜನರು ತಮ್ಮ ದುಃಖಗಳನ್ನು ಹೊತ್ತುಕೊಂಡು ಬಂದರು.

ಕ್ಷೌರಿಕನ ಕತ್ತಿ ಎರಡು ಕಡೆಯೂ ಒಂದೇ. ಒಬ್ಬಾಕೆಗೆ ಬಿಡಲು ಒಂದು ಬಾಳು ಇದ್ದಿತು. ಇನ್ನೊಬ್ಬಳಿಗೆ ಬಾಳು ಬರುವ ಮೊದಲೇ ಅದನ್ನು ಬಿಡಿಸಿಯಾಗಿದ್ದಿತು. ತನ್ನದಾಗಿರದ ವಸ್ತುವನ್ನು ತ್ಯಜಿಸುವುದು ಹೇಗೆ? ಫಣಿಯಮ್ಮನ ಸಮಚಿತ್ತವು ಆ ಕತ್ತಿಯ ಫಲವಲ್ಲ, ಕತ್ತಿಯ ಹೊರತಾಗಿಯೂ ಅವಳು ತನ್ನೊಳಗಿನಿಂದ ಗಳಿಸಿದ್ದು. ಅದರ ಪುಣ್ಯವನ್ನು ಅಗ್ರಹಾರದ ಲೆಕ್ಕಕ್ಕೆ ಬರೆಯುವುದು ಕಳ್ಳತನ. ಇದಕ್ಕೆ ಕಾದಂಬರಿಯೇ ಸಾಕ್ಷಿ. ತರುಣ ವಿಧವೆ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳಲು ಒಪ್ಪದೆ ಮನೆಯವರನ್ನು ಎದುರಿಸಿದಾಗ ಅವಳ ಪಕ್ಷದಲ್ಲಿ ನಿಲ್ಲುವವಳು ಆ ನಿಯಮವನ್ನು ಎಲ್ಲರಿಗಿಂತ ಪರಿಶುದ್ಧವಾಗಿ ಪಾಲಿಸಿದ ಫಣಿಯಮ್ಮನೇ. ನಿಯಮದ ತುದಿಯನ್ನು ಮುಟ್ಟಿ ಬಂದವಳೇ ಅದು ಬೇಡವೆಂದ ಮೇಲೆ ಬೇರೆ ಪ್ರಮಾಣವೇಕೆ?

ಹೆಣ್ಣಿಗೆ ವೈರಾಗ್ಯವೇ ಸಲ್ಲದೆಂದು ಇದರ ಅರ್ಥವಲ್ಲ. ಅಕ್ಕಮಹಾದೇವಿಯ ನಾಡಿನವರು ಹಾಗೆ ಹೇಳಲಾರರು. ಚಿತ್ರದುರ್ಗ ಸೀಮೆಯ ಮಾತೆ ಮಹಾದೇವಿ 1966ರಲ್ಲಿ ದೀಕ್ಷೆ ಪಡೆದು, 1970ರಲ್ಲಿ ಪೀಠವನ್ನೇರಿ, ಕಾದಂಬರಿಯನ್ನೂ ಬರೆದರು. ಅವರ ನಿಲುವುಗಳ ಬಗೆಗೆ ವಾದಗಳಿರಬಹುದು, ಅವರ ಕಾವಿ ಅವರೇ ಬಯಸಿ ಉಟ್ಟದ್ದು.

ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಹಳೆಯ ಮನೆಗಳಲ್ಲಿ ಇಂದಿಗೂ ಮುತ್ತಜ್ಜಿಯೊಬ್ಬಳ ಮಡಿಯನ್ನೂ ಸಹನೆಯನ್ನೂ ಹೆಮ್ಮೆಯಿಂದ ವರ್ಣಿಸುವವರಿದ್ದಾರೆ. ಅವರಲ್ಲಿ ನನ್ನದೊಂದು ಬಿನ್ನಹ: ಆ ತಾಯಿಯನ್ನು ಕೊಂಡಾಡುವಾಗ, ಅವಳನ್ನು ಯಾರೂ ಕೇಳಿರಲಿಲ್ಲವೆಂಬುದನ್ನೂ ಮಕ್ಕಳಿಗೆ ತಪ್ಪದೆ ಹೇಳಿರಿ.